ಸಡಿಲ ಸ್ಟಿಯರಿಂಗಿನ ಚರಿತ್ರೆ: ಕೊಡಗಿನ ಜೀಪು ಕಲಿಸುವ ಪಾಠ

ಮಡಿಕೇರಿಯಿಂದ ಮಂಗಳೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ನೀವು ಸಂಪಾಜೆಯತ್ತ ಇಳಿದಿದ್ದೀರಾ? ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯನ್ನು ಬಿಟ್ಟು ಮದೆನಾಡು, ಜೋಡುಪಾಲಗಳನ್ನು ದಾಟಿ ಘಟ್ಟದ ಬುಡ ಸೇರುವವರೆಗೂ ಚಾಲಕನ ಕೈ ಸ್ಟಿಯರಿಂಗಿನ ಮೇಲೆ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಒಂದು ಬದಿಗೆ ಬೆಟ್ಟ, ಇನ್ನೊಂದು ಬದಿಗೆ ಕಣಿವೆ. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಇದೇ ದಾರಿ ಹಲವು ಕಡೆ ಹಾಳಾಗಿ ಸಂಚಾರ ನಿಂತುಹೋದದ್ದು ನಿಮಗೆ ನೆನಪಿರಬಹುದು. ಕೊಡಗು ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ. ರೈಲಿಗಾದರೆ ಹಳಿಯೇ ದಾರಿ ತೋರಿಸುತ್ತದೆ. ರಸ್ತೆಯ ಮೇಲಿನ ವಾಹನಕ್ಕೆ ದಾರಿ ತೋರಿಸುವುದು ಚಾಲಕನ ಕೈ. ಆ ಕೈಗೂ ಗಾಲಿಗೂ ನಡುವೆ ಇರುವ ಕೀಲುಗಳ ಸರಪಳಿಯೇ ಸ್ಟಿಯರಿಂಗ್ ವ್ಯವಸ್ಥೆ.

ಯಾವುದೇ ಗ್ಯಾರೇಜಿನ ಮುಂದೆ ನಿಂತರೆ ಈ ಸರಪಳಿಯ ಬಗ್ಗೆ ಎರಡು ಬಗೆಯ ದೂರುಗಳನ್ನು ಕೇಳಬಹುದು. ಮೊದಲನೆಯದು, "ಸ್ಟಿಯರಿಂಗ್ ಲೂಸಾಗಿದೆ". ಅಂದರೆ ಸ್ಟಿಯರಿಂಗ್ ಚಕ್ರವನ್ನು ಸ್ವಲ್ಪ ದೂರ ತಿರುಗಿಸುವವರೆಗೂ ಗಾಲಿ ಅಲುಗುವುದೇ ಇಲ್ಲ. ಎರಡನೆಯದು, "ಒಂದೊಂದು ಸಲ ಒಂದೊಂದು ಥರ". ನೇರ ದಾರಿಯಲ್ಲಿ ಸಡಿಲ, ತಿರುವಿನಲ್ಲಿ ಬಿಗಿ. ನಿಧಾನವಾಗಿ ಹೋಗುವಾಗ ಸರಿ, ಒಂದು ವೇಗ ಬಂದೊಡನೆ ನಡುಕ. ಈ ಎರಡೂ ದೂರುಗಳಿಗೆ ಅವಸರದ ಚಿಕಿತ್ಸೆ ಒಂದೇ: ಸ್ಟಿಯರಿಂಗ್ ಬಾಕ್ಸಿನ ತಿರುಪನ್ನು ಬಿಗಿ ಮಾಡಿಬಿಡುವುದು. ಅನೇಕ ವೇಳೆ ದೋಷ ಅಲ್ಲಿರುವುದೇ ಇಲ್ಲ.

ಹಾಗಾದರೆ ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ? ಇದಕ್ಕೆ ಸ್ಟಿಯರಿಂಗಿನ ಚರಿತ್ರೆಯೇ ಒಳ್ಳೆಯ ಮಾರ್ಗದರ್ಶಿ. ಕಳೆದ ಇನ್ನೂರು ವರ್ಷಗಳಲ್ಲಿ ಒಂದೊಂದು ಉಪಜ್ಞೆಯೂ ಹಳೆಯ ಒಂದು ತೊಂದರೆಯನ್ನು ಕಳೆದು, ಅದರ ಜೊತೆಗೆ ಸವೆಯಬಲ್ಲ ಹೊಸದೊಂದು ಕೀಲನ್ನು ತಂದಿತು. ಯಾವ ಕೀಲು ಯಾವ ಕಾರಣಕ್ಕೆ ಬಂತು ಎಂಬುದು ತಿಳಿದರೆ, ಅದು ಕೆಟ್ಟಾಗ ಯಾವ ಲಕ್ಷಣ ಕಾಣಬೇಕು ಎಂಬುದೂ ತಿಳಿಯುತ್ತದೆ.

ಒಂದೇ ಕೀಲಿನ ಕಾಲ

ನಮ್ಮ ಎತ್ತಿನ ಗಾಡಿಗೆ ಎರಡೇ ಗಾಲಿ. ಎತ್ತು ತಿರುಗಿದರೆ ಗಾಡಿಯೂ ತಿರುಗುತ್ತದೆ. ಸ್ಟಿಯರಿಂಗಿನ ಪ್ರಶ್ನೆಯೇ ಇಲ್ಲ. ಪ್ರಶ್ನೆ ಎದ್ದದ್ದು ನಾಲ್ಕು ಗಾಲಿಯ ಕುದುರೆ ಬಂಡಿಯಲ್ಲಿ. ಅದರ ಮುಂದಿನ ಅಚ್ಚು ಇಡಿಯಾಗಿ, ನಡುವಿನ ಒಂದು ಗೂಟದ ಸುತ್ತ ತಿರುಗುತ್ತಿತ್ತು. ಕೀಲು ಒಂದೇ ಆದ್ದರಿಂದ ಸವೆಯುವ ಜಾಗವೂ ಒಂದೇ. ಆದರೆ ಎರಡು ದೊಡ್ಡ ತೊಂದರೆಗಳಿದ್ದವು. ಅಚ್ಚು ಪೂರ್ತಿ ತಿರುಗಿದಾಗ ಬಂಡಿಯ ಆಧಾರ ಕಿರಿದಾಗಿ ಅದು ಮಗುಚುವ ಸಂಭವವಿತ್ತು. ಜೊತೆಗೆ, ಒಂದು ಗಾಲಿ ಕಲ್ಲಿಗೆ ಬಡಿದರೆ ಆ ಹೊಡೆತ ಗಾಲಿಯಿಂದ ಗೂಟದವರೆಗಿನ ಇಡೀ ಉದ್ದವನ್ನು ಸನ್ನೆಯಾಗಿ ಬಳಸಿಕೊಂಡು ಅಚ್ಚನ್ನೇ ತಿರುಗಿಸಿಬಿಡುತ್ತಿತ್ತು. ಆ ದೂರ 60 ಸೆಂಟಿಮೀಟರ್ ಇದ್ದರೆ ಹೊಡೆತದ ಭ್ರಮಣ ಬಲವೂ ಅಷ್ಟೇ ದೊಡ್ಡದು.

ಮ್ಯೂನಿಕ್ ನಗರದ ಬಂಡಿ ತಯಾರಕ ಗೆಯಾರ್ಗ್ ಲಾಂಕೆನ್‌ಸ್ಪೆರ್ಗರ್ 1816-17ರ ಸುಮಾರಿಗೆ ಇದಕ್ಕೆ ಪರಿಹಾರ ಕಂಡುಕೊಂಡ. ಅಚ್ಚನ್ನು ತಿರುಗಿಸದೆ ಹಾಗೆಯೇ ಬಿಟ್ಟು, ಅದರ ಎರಡು ತುದಿಗಳಲ್ಲಿ ಗಾಲಿಗೆ ಹತ್ತಿರವಾಗಿ ಒಂದೊಂದು ಕೀಲನ್ನು ಇಟ್ಟು, ಎರಡನ್ನೂ ಒಂದು ಸರಳಿನಿಂದ ಜೋಡಿಸಿದ. ಲಂಡನ್ನಿನಲ್ಲಿದ್ದ ಅವನ ಪ್ರತಿನಿಧಿ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹಾಗಾಗಿ ಕಂಡುಹಿಡಿದವನ ಬದಲು ಪ್ರತಿನಿಧಿಯ ಹೆಸರೇ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಇದಕ್ಕೂ ಸುಮಾರು ಅರವತ್ತು ವರ್ಷ ಮೊದಲು ಚಾರ್ಲ್ಸ್ ಡಾರ್ವಿನ್ನನ ತಾತ ಎರಾಸ್ಮಸ್ ಡಾರ್ವಿನ್ ಇಂಥದೇ ವಿಚಾರವನ್ನು ಯೋಚಿಸಿದ್ದನೆಂಬುದು ಸ್ವಾರಸ್ಯಕರ.

ಇಲ್ಲಿ ಒಂದು ರೇಖಾಗಣಿತದ ಮಾತಿದೆ. ವಾಹನ ತಿರುಗುವಾಗ ನಾಲ್ಕೂ ಗಾಲಿಗಳು ಒಂದೇ ಕೇಂದ್ರದ ಸುತ್ತ ವೃತ್ತಗಳನ್ನು ಎಳೆಯಬೇಕು. ಒಳಗಾಲಿಯ ವೃತ್ತ ಚಿಕ್ಕದು, ಹೊರಗಾಲಿಯದು ದೊಡ್ಡದು. ಆದ್ದರಿಂದ ಒಳಗಾಲಿ ಹೆಚ್ಚು ಕೋನ ತಿರುಗಬೇಕು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.03 ಮೀಟರ್, ಎಡಬಲ ಗಾಲಿಗಳ ನಡುವೆ ಸುಮಾರು 1.22 ಮೀಟರ್ ಇರುವ ಹಳೆಯ ಜೀಪನ್ನು ತೆಗೆದುಕೊಳ್ಳಿ. ಹಿಂದಿನ ಅಚ್ಚಿನ ನಡುಬಿಂದು 6 ಮೀಟರ್ ತ್ರಿಜ್ಯದ ವೃತ್ತದಲ್ಲಿ ಚಲಿಸುವ ತಿರುವಿನಲ್ಲಿ ಒಳಗಾಲಿ ಸುಮಾರು 20.6 ಡಿಗ್ರಿ, ಹೊರಗಾಲಿ ಸುಮಾರು 17.1 ಡಿಗ್ರಿ ತಿರುಗಬೇಕಾಗುತ್ತದೆ. ಜೋಡಿಸುವ ಸರಳನ್ನೂ ಗಾಲಿಯ ತೋಳುಗಳನ್ನೂ ತ್ರಾಪಿಜ್ಯದ ಆಕಾರದಲ್ಲಿ ಇಟ್ಟರೆ ಈ ವ್ಯತ್ಯಾಸ ಬಹುಮಟ್ಟಿಗೆ ತಾನಾಗಿಯೇ ದೊರಕುತ್ತದೆಂದು ಫ್ರಾನ್ಸಿನ ಷಾರ್ಲ್ ಜಾಂತೊ 1878ರಲ್ಲಿ ತೋರಿಸಿದ.

ಲೆಕ್ಕ ಹಾಕಿ ನೋಡಿ. ಮೊದಲು ಇದ್ದದ್ದು ಒಂದು ಗೂಟ. ಈಗ ಎರಡು ಕಿಂಗ್‌ಪಿನ್, ಜೋಡಿಸುವ ಸರಳಿಗೆ ಎರಡು ತುದಿ. ಒಂದರ ಜಾಗದಲ್ಲಿ ನಾಲ್ಕು.

ಕೋಲಿನಿಂದ ಚಕ್ರಕ್ಕೆ

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಮೋಟಾರು ವಾಹನಕ್ಕೆ ಮೂರೇ ಗಾಲಿಗಳಿದ್ದವು. ನಾಲ್ಕು ಗಾಲಿಯನ್ನು ತೃಪ್ತಿಕರವಾಗಿ ತಿರುಗಿಸುವ ಉಪಾಯ ಆಗ ಅವನಲ್ಲಿರಲಿಲ್ಲ. 1893ರಲ್ಲಿ ಎರಡು ಕೀಲಿನ ಸ್ಟಿಯರಿಂಗಿಗೆ ಪೇಟೆಂಟ್ ಪಡೆದ ಬಳಿಕವೇ ಅವನು ನಾಲ್ಕು ಗಾಲಿಗೆ ಬಂದ. ಆ ಕಾಲದ ಚಾಲಕರು ದೋಣಿಯ ಚುಕ್ಕಾಣಿಯಂತೆ ಒಂದು ಕೋಲನ್ನು ಹಿಡಿದು ವಾಹನವನ್ನು ತಿರುಗಿಸುತ್ತಿದ್ದರು. 1894ರ ಪ್ಯಾರಿಸ್-ರೂವಾನ್ ಓಟದಲ್ಲಿ ಆಲ್ಫ್ರೆಡ್ ವಾಷೆರೋನ್ ತನ್ನ ಪಾನಾರ್ ಕಾರಿಗೆ ಕೋಲಿನ ಬದಲು ಚಕ್ರವನ್ನು ಜೋಡಿಸಿಕೊಂಡು ಬಂದ. ಪಾನಾರ್ ಸಂಸ್ಥೆಯ ಆರ್ಥರ್ ಕ್ರೆಬ್ಸ್ 1896ರ ಪೇಟೆಂಟಿನಲ್ಲಿ ಕಿಂಗ್‌ಪಿನ್ನನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಇಡುವ ವಿಧಾನವನ್ನು ಹೇಳಿದ. ಹೀಗೆ ವಾಲಿದ್ದರೆ ಟಯರು ನೆಲಕ್ಕೆ ತಾಗುವ ಜಾಗ ಕೀಲಿನ ರೇಖೆಯ ಹಿಂದೆ ಬೀಳುತ್ತದೆ. ತಿರುವು ಮುಗಿದ ಮೇಲೆ ಗಾಲಿ ತಾನಾಗಿಯೇ ನೇರಕ್ಕೆ ಮರಳುತ್ತದೆ. ಇದೇ ಕ್ಯಾಸ್ಟರ್ ಕೋನ. ತಿರುವಿನ ನಂತರ ಸ್ಟಿಯರಿಂಗ್ ಹಿಂದಿರುಗದೆ ಸೋಮಾರಿಯಾದರೆ, ಅಥವಾ ನೇರ ದಾರಿಯಲ್ಲಿ ವಾಹನ ಅತ್ತಿತ್ತ ಅಲೆದರೆ, ಈ ಕೋನ ಕೆಟ್ಟಿರಬಹುದೆಂದು ಶಂಕಿಸಬೇಕು.

ವಾಹನದ ತೂಕ ಹೆಚ್ಚಿದಂತೆ ಚಕ್ರಕ್ಕೂ ಗಾಲಿಗೂ ನಡುವೆ ಗಿಯರ್ ಬೇಕಾಯಿತು. ಸುರುಳಿ ತಿರುಪಿನಂಥ ವರ್ಮ್, ಅದರ ಹಲ್ಲಿನಲ್ಲಿ ಸಾಗುವ ಒಂದು ತೋಳು: ಇದೇ ಸ್ಟಿಯರಿಂಗ್ ಬಾಕ್ಸ್. ಚಕ್ರ 16 ಡಿಗ್ರಿ ತಿರುಗಿದರೆ ಗಾಲಿ 1 ಡಿಗ್ರಿ ತಿರುಗುವಂತೆ ಮಾಡಿದರೆ ಕೈಗೆ ಶ್ರಮ ಕಡಿಮೆ. ರಸ್ತೆಯ ಹೊಡೆತವೂ ಕೈಗೆ ಅಷ್ಟಾಗಿ ತಟ್ಟದು. ಆದರೆ ಈ ಅನುಕೂಲಕ್ಕೆ ನಾವು ತೆರುವ ಬೆಲೆ ಏನು?

ಒಂದು ಮಿಲಿಮೀಟರಿನ ಬೆಲೆ

ಗಾಲಿಯ ತೋಳಿನ ಉದ್ದ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದರ ತುದಿಯ ಕೀಲು ಕೇವಲ 1 ಮಿಲಿಮೀಟರ್ ಸವೆದಿದೆ. 150ರಲ್ಲಿ 1 ಎಂದರೆ ಸುಮಾರು 0.38 ಡಿಗ್ರಿ. ಕಣ್ಣಿಗೆ ಕಾಣದಷ್ಟು ಅಲ್ಪ. ಆದರೆ ಗಿಯರ್ ಅನುಪಾತ 16 ಇದ್ದರೆ ಚಕ್ರದ ಬಳಿ ಅದು 6 ಡಿಗ್ರಿಯಾಗುತ್ತದೆ. 38 ಸೆಂಟಿಮೀಟರ್ ವ್ಯಾಸದ ಚಕ್ರದ ಅಂಚಿನಲ್ಲಿ ಇದು ಸುಮಾರು 2 ಸೆಂಟಿಮೀಟರ್. ಇಂಥ ಮೂರು ಕೀಲು ಸವೆದರೆ 6 ಸೆಂಟಿಮೀಟರ್! ಚಾಲಕ "ಬಾಕ್ಸ್ ಹೋಗಿದೆ" ಎನ್ನುತ್ತಾನೆ. ಬಾಕ್ಸ್ ಚೆನ್ನಾಗಿಯೇ ಇರುತ್ತದೆ. ಅದು ದೂರದ ಕೀಲುಗಳ ಸಡಿಲವನ್ನು ಹದಿನಾರು ಪಟ್ಟು ಹಿಗ್ಗಿಸಿ ತೋರಿಸಿರುತ್ತದೆ, ಅಷ್ಟೆ.

ಇದರಿಂದ ಆಗುವ ಅಪಾಯವೆಷ್ಟು? ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಹಳೆಯ ಜೀಪಿನ ಮುಂದಿನ ಗಾಲಿಗಳು ಚಾಲಕನಿಗೆ ತಿಳಿಯದಂತೆ 1 ಡಿಗ್ರಿ ವಾಲಿ ಒಂದು ಸೆಕೆಂಡ್ ಹಾಗೇ ಉಳಿದರೆ ಜೀಪು ತನ್ನ ದಾರಿಯಿಂದ ಸುಮಾರು 43 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಬಯಲು ಸೀಮೆಯ ಅಗಲ ರಸ್ತೆಯಲ್ಲಿ ಇದು ಗಮನಕ್ಕೂ ಬಾರದು. ಘಟ್ಟದ ಕಿರುದಾರಿಯಲ್ಲಿ ಎದುರಿಗೆ ಬಸ್ಸು ಬಂದಾಗ ಇದೇ 43 ಸೆಂಟಿಮೀಟರ್ ಜೀವ ಉಳಿಸುವ ಅಥವಾ ಕಳೆಯುವ ಅಂತರ.

ಕಾನೂನೂ ಇದನ್ನು ಗಮನಿಸಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದಂತೆ ಸ್ಟಿಯರಿಂಗ್ ಚಕ್ರದ ಸಡಿಲು 30 ಡಿಗ್ರಿ ಮೀರಬಾರದು. ಸ್ಟಿಯರಿಂಗಿನ ಬಾಲ್ ಜಾಯಿಂಟುಗಳಿಗೆ ರಬ್ಬರಿನ ಟೋಪಿ ಇರಬೇಕು. ಮೇಲಿನ ಚಕ್ರದ ಅಂಚಿನಲ್ಲಿ 30 ಡಿಗ್ರಿ ಎಂದರೆ 10 ಸೆಂಟಿಮೀಟರ್. ಇದು ದಾಟಬಾರದ ಗಡಿಯೇ ಹೊರತು, ಅಲ್ಲಿಯವರೆಗೆ ನಿಶ್ಚಿಂತೆಯಿಂದಿರಿ ಎಂಬ ಅಭಯವಲ್ಲ. ರಬ್ಬರ್ ಟೋಪಿಯ ಮಾತು ಕೊಡಗಿಗಂತೂ ಬಹಳ ಮುಖ್ಯ. ಟೋಪಿ ಹರಿದರೆ ಮಳೆಗಾಲದಲ್ಲಿ ನೀರು ಗ್ರೀಸನ್ನು ತೊಳೆಯುತ್ತದೆ, ಬೇಸಿಗೆಯಲ್ಲಿ ತೋಟದ ದಾರಿಯ ಕೆಂಪು ಧೂಳು ಒಳಗೆ ಸೇರಿ ಉಪ್ಪುಕಾಗದದಂತೆ ಉಜ್ಜುತ್ತದೆ.

ತೋಟಕ್ಕೆ ಬಂದ ಜೀಪು

ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ ತಯಾರಾದ ವಿಲ್ಲಿಸ್ ಜೀಪು ಯುದ್ಧದ ನಂತರ ಭಾರತದಲ್ಲಿಯೂ ನಾಗರಿಕರ ಕೈ ಸೇರಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಕಾಫಿ ತೋಟದ ಕಡಿದಾದ ಕೆಸರುದಾರಿಗೆ ನಾಲ್ಕೂ ಗಾಲಿಗಳನ್ನು ಎಂಜಿನ್ ತಿರುಗಿಸುವ ಈ ವಾಹನ ಹೇಳಿ ಮಾಡಿಸಿದಂತಿತ್ತು. ಇಂದಿಗೂ ಮಾಂದಲ್‌ಪಟ್ಟಿಯ ಬೆಟ್ಟಕ್ಕೆ ಪ್ರವಾಸಿಗರನ್ನು ಹೊತ್ತೊಯ್ಯುವುದು ಇದೇ ವಂಶದ ಜೀಪುಗಳು.

ಹಳೆಯ ವಿಲ್ಲಿಸ್ ಮಾದರಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ. ಬಾಕ್ಸಿನಿಂದ ಒಂದು ಡ್ರ್ಯಾಗ್ ಲಿಂಕ್ ಮುಂದಕ್ಕೆ ಹೋಗಿ ಅಚ್ಚಿನ ಮೇಲಿರುವ ಬೆಲ್‌ಕ್ರ್ಯಾಂಕ್ ಎಂಬ ಮೂಲೆಸನ್ನೆಯನ್ನು ತಿರುಗಿಸುತ್ತದೆ. ಅದರಿಂದ ಎರಡು ಟೈರಾಡುಗಳು ಎಡಬಲ ಗಾಲಿಗಳಿಗೆ ಹೋಗುತ್ತವೆ. ಡ್ರ್ಯಾಗ್ ಲಿಂಕಿನ ಎರಡು ತುದಿ, ಬೆಲ್‌ಕ್ರ್ಯಾಂಕಿನ ಒಂದು ಕೀಲು, ಟೈರಾಡುಗಳ ನಾಲ್ಕು ತುದಿ, ಒಟ್ಟು ಏಳು. ಇದಲ್ಲದೆ ಕಿಂಗ್‌ಪಿನ್ ಬೇರಿಂಗುಗಳು, ಗಾಲಿಯ ಬೇರಿಂಗುಗಳು, ಬಾಕ್ಸ್. ಸ್ಟಿಯರಿಂಗಿನ ಇನ್ನೂರು ವರ್ಷದ ಚರಿತ್ರೆ ಒಂದೇ ವಾಹನದ ಕೆಳಗೆ ಸಾಲಾಗಿ ನಿಂತಂತಿದೆ.

ಈ ಜೀಪಿನ ಬಾಕ್ಸ್ ವರ್ಮಿನ ಜಾತಿಗೆ ಸೇರಿದ್ದು. ಯಾವ ವಾಹನವೇ ಆಗಲಿ, ಹೆಚ್ಚು ಹೊತ್ತು ಓಡುವುದು ನೇರವಾಗಿ ಅಥವಾ ಅದರ ಆಸುಪಾಸಿನಲ್ಲಿ. ಆದ್ದರಿಂದ ವರ್ಮಿನ ನಡುಭಾಗ ಮೊದಲು ಸವೆಯುತ್ತದೆ, ತುದಿಗಳು ಹೊಸದರಂತೆ ಇರುತ್ತವೆ. ನಡುವಿನ ಸಡಿಲು ಹೋಗಲೆಂದು ತಿರುಪನ್ನು ಬಿಗಿ ಮಾಡಿದರೆ ತುದಿಗಳಲ್ಲಿ ಬಾಕ್ಸ್ ಕಚ್ಚಿಕೊಳ್ಳುತ್ತದೆ. ನೇರ ದಾರಿಯಲ್ಲಿ ಸರಿಯಿದ್ದು ತೀವ್ರ ತಿರುವಿನಲ್ಲಿ ಬಿಗಿಯಾಗುವ ಸ್ಟಿಯರಿಂಗಿನ ಗುಟ್ಟು ಅನೇಕ ಸಲ ಇದೇ. ಸಡಿಲಿಗಿಂತಲೂ ಇದು ಅಪಾಯಕಾರಿ, ಏಕೆಂದರೆ ತಿರುಗಿದ ಸ್ಟಿಯರಿಂಗ್ ಹಿಂದಿರುಗುವುದಿಲ್ಲ.

ನಡುಗುವ ಗಾಲಿ

1920ರ ದಶಕದಲ್ಲಿ ಎರಡು ಒಳ್ಳೆಯ ಸುಧಾರಣೆಗಳು ಬಂದವು: ಕಡಿಮೆ ಒತ್ತಡದ ದಪ್ಪ ಬಲೂನ್ ಟಯರು ಮತ್ತು ಮುಂದಿನ ಗಾಲಿಗೂ ಬ್ರೇಕು. ಇವುಗಳ ಹಿಂದೆಯೇ ಒಂದು ವಿಚಿತ್ರ ರೋಗವೂ ವ್ಯಾಪಕವಾಯಿತು. ನಿರ್ದಿಷ್ಟ ವೇಗ ತಲಪಿದೊಡನೆ ಮುಂದಿನ ಗಾಲಿಗಳು ಎಡಬಲಕ್ಕೆ ಭಯಂಕರವಾಗಿ ನಡುಗತೊಡಗುತ್ತಿದ್ದವು. ಇದಕ್ಕೆ ಷಿಮ್ಮಿ ಎಂದು ಹೆಸರಾಯಿತು. ಫ್ರಾನ್ಸಿನ ಎಂಜಿನಿಯರ್ ಬ್ರೂಲಿಯೆ 1925ರಲ್ಲಿ ಇದನ್ನು ವಿಶ್ಲೇಷಿಸುತ್ತಾ, ಪಕ್ಕದಿಂದ ಬಲ ಬಿದ್ದಾಗ ಟಯರು ತಾನು ನೋಡುವ ದಿಕ್ಕಿಗೇ ಉರುಳದೆ ಸ್ವಲ್ಪ ಓರೆಯಾಗಿ ಸಾಗುತ್ತದೆ ಎಂಬ ಮುಖ್ಯ ಸಂಗತಿಯನ್ನು ಗುರುತಿಸಿದ.

ಷಿಮ್ಮಿಯ ಇನ್ನೊಂದು ಮೂಲವನ್ನು ತರಗತಿಯಲ್ಲೇ ತೋರಿಸಬಹುದು. ಬಿಚ್ಚಿದ ಸೈಕಲ್ ಗಾಲಿಯ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು, ಗಾಲಿಯನ್ನು ಜೋರಾಗಿ ತಿರುಗಿಸಿ, ಅಚ್ಚನ್ನು ಒಂದು ಬದಿಗೆ ವಾಲಿಸಿ. ಗಾಲಿ ವಾಲುವುದರ ಜೊತೆಗೆ ಪಕ್ಕಕ್ಕೆ ತಿರುಗಲು ಹೆಣಗುತ್ತದೆ. ಜೀಪಿನಂತೆ ಎಡಬಲ ಗಾಲಿಗಳು ಒಂದೇ ಗಟ್ಟಿ ಅಚ್ಚಿಗೆ ಕಟ್ಟಿಕೊಂಡಿದ್ದರೆ ಒಂದು ಗಾಲಿ ಗುಂಡಿಗಿಳಿದಾಗ ಎರಡೂ ವಾಲುತ್ತವೆ, ಎರಡೂ ತಿರುಗಲು ಯತ್ನಿಸುತ್ತವೆ. ಕಿಂಗ್‌ಪಿನ್ ಬಿಗಿಯಾಗಿದ್ದರೆ ಘರ್ಷಣೆ ಈ ಆಂದೋಲನವನ್ನು ಅಡಗಿಸುತ್ತದೆ. ಸಡಿಲವಾಗಿದ್ದರೆ, ಗಾಲಿಯ ಆವೃತ್ತಿ ವ್ಯವಸ್ಥೆಯ ಸಹಜ ಆವೃತ್ತಿಗೆ ಹೊಂದಿದಾಗ ಅನುರಣನವಾಗಿ ನಡುಕ ಬೆಳೆಯುತ್ತಾ ಹೋಗುತ್ತದೆ.

ಕಾರುಗಳಲ್ಲಿ ಇದಕ್ಕೆ ಸಿಕ್ಕ ಪರಿಹಾರ ಗಟ್ಟಿ ಅಚ್ಚನ್ನೇ ಕೈಬಿಟ್ಟು ಪ್ರತಿ ಗಾಲಿಗೂ ಸ್ವತಂತ್ರ ಸಸ್ಪೆನ್ಷನ್ ಕೊಡುವುದು. 1922ರ ಲಾನ್ಸಿಯ ಲಾಂಬ್ಡ ಈ ದಾರಿ ತೋರಿಸಿತು. ಅಮೆರಿಕದ ಜನರಲ್ ಮೋಟಾರ್ಸ್ 1934ರ ಮಾದರಿಗಳಲ್ಲಿ ಇದನ್ನು ತಂದಿತು. ಗಟ್ಟಿ ಅಚ್ಚನ್ನು ಉಳಿಸಿಕೊಂಡ ಜೀಪಿನಲ್ಲಿ ಆ ಹಳೆಯ ರೋಗ ಮರುಕಳಿಸಿದರೆ ಆಶ್ಚರ್ಯವಿಲ್ಲ. ನಡುಕ ತಡೆಯಲು ಡ್ಯಾಂಪರ್ ಕೂರಿಸಿದರೆ ಲಕ್ಷಣ ಮರೆಯಾಗುತ್ತದೆ, ಸವೆದ ಕೀಲು ಮರೆಯಲ್ಲಿ ಇನ್ನಷ್ಟು ಸವೆಯುತ್ತದೆ. ಜೀಪಿನ ಕಿಂಗ್‌ಪಿನ್ ಬೇರಿಂಗಿನ ಬಿಗಿಯನ್ನು ಅಳೆಯಲು ಟೈರಾಡ್ ಕಳಚಿ, ಗಾಲಿಯ ತೋಳಿನ ತುದಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡುತ್ತಾರೆ. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿರುವಂಥದೇ ತಕ್ಕಡಿ!

ಕೀಲು ಕಡಿಮೆಯಾದ ಕಾಲ

ಬಾಕ್ಸಿನ ಒಳಗಿನ ಉಜ್ಜಾಟವನ್ನು ತಗ್ಗಿಸಲು ಹಲ್ಲುಗಳ ನಡುವೆ ಉಕ್ಕಿನ ಗುಂಡುಗಳನ್ನು ಹರಿಯಬಿಡುವ ವಿಧಾನ 1940ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಇನ್ನೊಂದು ದಾರಿ ಬಾಕ್ಸನ್ನೂ ಮೂಲೆಸನ್ನೆಗಳನ್ನೂ ಬಿಟ್ಟು, ಹಲ್ಲಿನ ಸರಳೊಂದನ್ನು ಪುಟ್ಟ ಗಿಯರ್ ನೇರವಾಗಿ ಎಡಬಲಕ್ಕೆ ತಳ್ಳುವ ರ್‍ಯಾಕ್ ಮತ್ತು ಪಿನಿಯನ್. 1948ರ ಮಾರಿಸ್ ಮೈನರ್‌ನಲ್ಲಿ ಇದಿತ್ತು. ನಮ್ಮ ಅಂಬಾಸಿಡರ್ ಮತ್ತು 1983ರಲ್ಲಿ ಬಂದ ಮಾರುತಿ 800 ಕಾರುಗಳಲ್ಲಿಯೂ ಇದೇ ವ್ಯವಸ್ಥೆ. ಕೀಲುಗಳು ಕಡಿಮೆ, ಹಾಗಾಗಿ ಸಡಿಲವೂ ಕಡಿಮೆ.

ಫ್ರಾನ್ಸಿಸ್ ಡೇವಿಸ್ 1926ರಲ್ಲಿ ಮಾಡಿ ತೋರಿಸಿದ ಎಣ್ಣೆ ಒತ್ತಡದ ಪವರ್ ಸ್ಟಿಯರಿಂಗ್ 1951ರಲ್ಲಿ ಕ್ರೈಸ್ಲರ್ ಕಾರಿನಲ್ಲಿ ಮಾರುಕಟ್ಟೆಗೆ ಬಂತು. 1988ರಲ್ಲಿ ಸುಜುಕಿಯ ಸೆರ್ವೊ ಕಾರು ಎಣ್ಣೆಯ ಬದಲು ವಿದ್ಯುತ್ ಮೋಟಾರನ್ನು ಬಳಸಿತು. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಇಲ್ಲಿ ಸ್ಟಿಯರಿಂಗ್ ಒಮ್ಮೊಮ್ಮೆ ಹಗುರ, ಒಮ್ಮೊಮ್ಮೆ ಭಾರ ಎನಿಸಿದರೆ ಬ್ಯಾಟರಿಯ ವೋಲ್ಟೇಜ್, ತಂತಿಯ ಜೋಡಣೆ, ತಿರುಚು ಬಲ ಅಳೆಯುವ ಸಂವೇದಕ ಇವುಗಳನ್ನು ನೋಡಬೇಕು. ಡ್ಯಾಷ್‌ಬೋರ್ಡಿನ ಎಚ್ಚರಿಕೆ ದೀಪವನ್ನು ಅಲಕ್ಷಿಸಬಾರದು. ಇನ್ನೊಂದು ಸುಳಿವು ಹದಿನೇಳನೆಯ ಶತಮಾನದ ರಾಬರ್ಟ್ ಹುಕ್ ಹೆಸರಿನ ಕೀಲಿನದು. ಸ್ಟಿಯರಿಂಗ್ ದಂಡವನ್ನು ಓರೆಯಾಗಿ ಜೋಡಿಸುವ ಈ ಕೀಲು ತುಕ್ಕು ಹಿಡಿದರೆ ಚಕ್ರದ ಒಂದು ಪೂರ್ಣ ಸುತ್ತಿನಲ್ಲಿ ಸರಿಯಾಗಿ ಎರಡು ಬಾರಿ ಬಿಗಿಯಾಗುತ್ತದೆ. ಎಣಿಸಿ ನೋಡಿದರೆ ಸಾಕು, ರೋಗ ಪತ್ತೆ.

ಪರೀಕ್ಷಿಸುವ ಕ್ರಮ

ಈಗ ವಾಹನದ ಬಳಿಗೆ ಬನ್ನಿ. ಮೊದಲು ಟಯರಿನ ಗಾಳಿ ನೋಡಿ. ಎಡಬಲ ಒತ್ತಡ ಬೇರೆಯಾಗಿದ್ದರೆ ಉಳಿದ ಪರೀಕ್ಷೆಗಳೆಲ್ಲ ದಾರಿ ತಪ್ಪಿಸುತ್ತವೆ. ವಾಹನವನ್ನು ಸಮತಟ್ಟು ನೆಲದಲ್ಲಿ, ಗಾಲಿ ನೇರವಾಗಿರುವಂತೆ ನಿಲ್ಲಿಸಿ. ಸ್ಟಿಯರಿಂಗ್ ಚಕ್ರದ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಲಿ ಅಲುಗುವ ಮುನ್ನ ಚಕ್ರ ಎಷ್ಟು ದೂರ ತಿರುಗುತ್ತದೆಂದು ಅಳೆಯಿರಿ. ಪವರ್ ಸ್ಟಿಯರಿಂಗ್ ಇದ್ದರೆ ಎಂಜಿನ್ ಓಡುತ್ತಿರಬೇಕು.

ನಂತರ ಒಬ್ಬರು ಚಕ್ರವನ್ನು ಎಡಬಲಕ್ಕೆ ಮೆಲ್ಲಗೆ ಆಡಿಸಲಿ, ಇನ್ನೊಬ್ಬರು ಮೇಲಿನಿಂದ ಗಾಲಿಯವರೆಗೆ ಪ್ರತಿ ಕೀಲನ್ನೂ ಕ್ರಮವಾಗಿ ಗಮನಿಸಲಿ. ಚಲನೆ ಯಾವ ಕೀಲಿನ ಒಳಹೊಕ್ಕು ಆಚೆ ಬಾರದೋ ಅಲ್ಲಿದೆ ದೋಷ. ವಿದ್ಯುತ್ ಮಂಡಲದಲ್ಲಿ ತಂತಿ ಎಲ್ಲಿ ಕಡಿದಿದೆ ಎಂದು ಹುಡುಕುವ ತರ್ಕವೇ ಇಲ್ಲಿಯೂ. ಅಚ್ಚನ್ನು ಹಿಡಿದಿರುವ ಬೋಲ್ಟು, ಸ್ಪ್ರಿಂಗಿನ ಬುಷ್, ಬಾಕ್ಸನ್ನು ಛಾಸಿಗೆ ಕಟ್ಟಿರುವ ಬೋಲ್ಟುಗಳನ್ನೂ ನೋಡಿ. ಬಾಕ್ಸೇ ಅಲುಗುತ್ತಿದ್ದರೆ ಒಳಗಿನ ತಿರುಪಿನಿಂದ ಏನು ಪ್ರಯೋಜನ?

ಮೂರನೆಯದಾಗಿ, ಹಿಂದಿನ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲಿರುವ ವಾಹನದ ಕೆಳಗೆ ಎಂದೂ ನುಗ್ಗಬೇಡಿ. ಗಾಲಿಯನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿ. ಸಡಿಲ ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಲಿ. ಸಡಿಲ ಮಾಯವಾದರೆ ಗಾಲಿಯ ಬೇರಿಂಗ್. ಉಳಿದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್. ಎಡಬಲ ಬದಿಗಳನ್ನು ಹಿಡಿದಾಗ ಮಾತ್ರ ಸಡಿಲ ಕಂಡರೆ ಟೈರಾಡಿನ ತುದಿಗಳನ್ನು ಶಂಕಿಸಿ. ಒಂದೇ ವೇಗದಲ್ಲಿ ನಡುಕ ಬಂದರೆ ಗಾಲಿಯ ಬ್ಯಾಲೆನ್ಸ್ ನೋಡಿ.

ಬಾಕ್ಸಿನ ತಿರುಪಿಗೆ ಕೈ ಹಾಕುವುದು ಇವೆಲ್ಲ ಮುಗಿದ ಮೇಲೆ. ವೀಲ್ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಸಡಿಲ ಕೀಲುಗಳಿರುವ ವಾಹನದ ಅಲೈನ್‌ಮೆಂಟ್ ಗ್ಯಾರೇಜಿನ ಬಾಗಿಲು ದಾಟುವ ಮೊದಲೇ ಬದಲಾಗಿರುತ್ತದೆ.

ಶಿಕ್ಷಕರೇ, ರಟ್ಟಿನ ಪಟ್ಟಿಗಳನ್ನೂ ಗುಂಡುಪಿನ್ನುಗಳನ್ನೂ ಬಳಸಿ ಎರಡು ಕೀಲಿನ ಸ್ಟಿಯರಿಂಗಿನ ಮಾದರಿಯನ್ನು ನಿಮ್ಮ ವಿದ್ಯಾರ್ಥಿಗಳಿಂದ ಮಾಡಿಸಿ. ಆಮೇಲೆ ಒಂದು ಪಿನ್ನಿನ ತೂತನ್ನು ಬೇಕೆಂದೇ ದೊಡ್ಡದು ಮಾಡಿ, ಯಾವ ತೂತೆಂದು ಬಿಟ್ಟ ಕಣ್ಣಿನಿಂದ ನೋಡದೆ, ಬರೀ ಚಲನೆಯಿಂದ ಕಂಡುಹಿಡಿಯಲು ಹೇಳಿ. ಮುಂದಿನ ಮಳೆಗಾಲಕ್ಕೆ ಮುಂಚೆ ತಮ್ಮ ಮನೆಯ ಅಥವಾ ತಮ್ಮನ್ನು ಶಾಲೆಗೆ ಕರೆತರುವ ಜೀಪಿನ ಸ್ಟಿಯರಿಂಗ್ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಅಳೆಯುವ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿ ಒಬ್ಬರಾದರೂ ಇದ್ದಾರು.